ಮಾತಾಡದೆ ಸುಳ್ಳಾಡಬಹುದೋ?



ಕೊಡಗಿನ ಒಂದು ಊರಲ್ಲಿ ಕಾಫಿತೋಟದ ಅಂಚಿಗೆ ಹಂಚು ಹೊದಿಸಿದ ಒಂದು ಚಿಕ್ಕ ಕೊಟ್ಟಿಗೆಯಿದೆ. ಅದರಲ್ಲಿ ಮೂವರು ಕೆಲಸ ಮಾಡುತ್ತಾರೆ: ಒಬ್ಬ ಬಡಗಿ, ಅವನ ಅಣ್ಣನ ಮಗ, ಕೆಲಸ ಕಲಿಯಲಿಕ್ಕೆ ಬಂದ ಒಬ್ಬ ಹುಡುಗ. ಮೇಜು, ಕುರ್ಚಿ, ಮಂಚ, ಕಪಾಟು ಇವುಗಳನ್ನು ಅವರು ಅಂಗಡಿಗೆಂದು ಮುಂಚಿತವಾಗಿ ಮಾಡಿಡುವದಿಲ್ಲ. ಬಂದವರು ಹೇಳಿದ ಅಳತೆಗೆ, ಹೇಳಿದ ಮರದಲ್ಲಿ ಕೈಯಿಂದಲೇ ಮಾಡಿಕೊಡುತ್ತಾರೆ. ಒಂದು ಮಳೆಗಾಲಕ್ಕೆ ಮುಂಚೆ ನಾನು ಬರೆಯುವ ಮೇಜೊಂದನ್ನು ಮಾಡಿಸಬೇಕೆಂದು ಅಲ್ಲಿಗೆ ಹೋಗಿದ್ದೆನು. ಬೆಲೆಯ ಮಾತು ಮುಗಿದ ಮೇಲೆ ಬಡಗಿಯು ಕೈಯಲ್ಲಿದ್ದ ಉಜ್ಜುಗೊರಡನ್ನು ಕೆಳಗಿಟ್ಟು, "ಮಾಸ್ತರರೇ, ಒಂದು ಮಾತು ಕೇಳುತ್ತೇನೆ, ತಾವು ಬೇಸರಪಡಬಾರದು. ಬಾಯಿಂದ ಒಂದು ಮಾತನ್ನೂ ಆಡದವನು ಸುಳ್ಳುಗಾರನಾಗಬಹುದೋ?" ಅಂದನು.

ಸಂಗತಿ ಹೀಗಿತ್ತು. ನೆರೆಯೂರಿನ ಒಬ್ಬ ಗೃಹಸ್ಥನು ಮಗಳ ಮದುವೆಗೆಂದು ಬೀಟೆಮರದ ಕಪಾಟೊಂದನ್ನು ಮಾಡಿಕೊಡಬೇಕೆಂದು ಹೇಳಿ ಮುಂಗಡ ಕೊಟ್ಟಿದ್ದನು. ಬಡಗಿಯು ಪರವಾನಗಿಯುಳ್ಳ ವ್ಯಾಪಾರಿಯಿಂದ ರಸೀದಿಯೊಡನೆ ಹಲಗೆಗಳನ್ನು ತಂದನು. ಆದರೆ ಗೃಹಸ್ಥನು ಒಪ್ಪಿದ್ದ ಬೆಲೆಯು ಕಡಿಮೆಯಾದದರಿಂದ ತಂದ ಹಲಗೆಗಳಲ್ಲಿ ಕೆಲವಕ್ಕೆ ಅಂಚಿನ ಉದ್ದಕ್ಕೂ ಬಿಳಿಯ ಭಾಗವಿತ್ತು. ಆ ಬಿಳಿಭಾಗವನ್ನು ಸೀಳಿ ತೆಗೆದರೆ ಕಪಾಟಿಗೆ ಮರ ಸಾಲದು. ತೆಗೆಯದೆ ಬಣ್ಣದ ನೀರನ್ನು ಬಳಿದು ಅರಗಿನ ಮೆರಗು ಕೊಟ್ಟರೆ ಬೀಟೆಯ ಚೇಗಿಗೂ ಅದಕ್ಕೂ ಭೇದವು ಯಾರ ಕಣ್ಣಿಗೂ ತೋರದು. "ಗೃಹಸ್ಥರು ಬಿಳಿಭಾಗ ಇದೆಯೋ ಎಂದು ಕೇಳಲಿಲ್ಲ. ನಾನು ಇಲ್ಲವೆಂದು ಹೇಳಲಿಲ್ಲ. ಅದೂ ಬೀಟೆಯ ಮರವೇ, ಬೇರೆ ಮರವಲ್ಲ. ಹಾಗಾದರೆ ನಾನು ಏನು ಸುಳ್ಳಾಡಿದ ಹಾಗಾಯಿತು?" ಎಂದು ಅವನು ಕೇಳಿದನು.

ಆ ದಿನ ನಾನು ಕೊಟ್ಟ ಉತ್ತರವು ಅವಸರದ್ದಾಗಿತ್ತು. "ಮುಚ್ಚುವದೆಲ್ಲಾ ಸುಳ್ಳೇ" ಅಂದೆನು. ಅವನು ನಕ್ಕು ಮೂಲೆಯಲ್ಲಿದ್ದ ಒಂದು ಮುಗಿದ ಕುರ್ಚಿಯನ್ನು ತೋರಿಸಿ, "ಹಾಗಾದರೆ ಇದನ್ನು ನೋಡಿರಿ. ಮರದ ಸಣ್ಣ ತೂತುಗಳನ್ನೆಲ್ಲಾ ಪುಡಿಯಿಂದ ತುಂಬಿ ಉಪ್ಪುಕಾಗದದಿಂದ ಉಜ್ಜಿದ್ದೇನೆ. ಮೊಳೆಯ ತಲೆಗಳನ್ನು ಅಂಟಿನಿಂದ ಮುಚ್ಚಿದ್ದೇನೆ. ಮೇಲೆ ಅರಗು ಹಚ್ಚಿದ್ದೇನೆ. ಕಪಾಟಿನ ಹಿಂದಿನ ಹಲಗೆಯು ಎಲ್ಲಿಯೂ ಸಾಧಾರಣ ಮರದ್ದೇ. ಇದೆಲ್ಲಾ ಮುಚ್ಚುವದೇ ಅಲ್ಲವೇ? ಹಾಗೆಂದರೆ ನನ್ನ ತಂದೆಯೂ ಅಜ್ಜನೂ ದಿನಕ್ಕೆ ಹತ್ತು ಸಾರಿ ಸುಳ್ಳಾಡಿದರು" ಅಂದನು. ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ಈ ಬರಹವು ಆ ದಿನ ಬಾರದ ಉತ್ತರವನ್ನು ಹುಡುಕಿದ ಪ್ರಯತ್ನವೆಂದು ವಾಚಕರು ತಿಳಿಯಬೇಕು.

ಮೊದಲು ಮರದ ಸಂಗತಿಯನ್ನೇ ತಿಳಿಯೋಣ, ಯಾಕಂದರೆ ಬಿಳಿಭಾಗವೆಂದರೆ ಏನೆಂದು ತಿಳಿಯದೆ ಅದರ ವಿಷಯದಲ್ಲಿ ನ್ಯಾಯ ತೀರಿಸಲಾಗದು. ಬೆಳೆಯುವ ಮರದಲ್ಲಿ ಹೊರಗಿನ ಭಾಗವೇ ಬೇರಿನಿಂದ ನೀರನ್ನು ಮೇಲಕ್ಕೆ ಒಯ್ಯುತ್ತದೆ. ಅದರಲ್ಲಿ ಮರವು ತನ್ನ ಆಹಾರವಾದ ಗಂಜಿಯಂಥಾ ಸತ್ವವನ್ನು ಕೂಡಿಡುತ್ತದೆ. ವರುಷಗಳು ಕಳೆದ ಹಾಗೆ ಒಳಗಿನ ಭಾಗವು ಆ ಕೆಲಸವನ್ನು ಬಿಟ್ಟು ಬೇರೆ ರಸಗಳಿಂದ ತುಂಬಿ ಕಪ್ಪಾಗಿ ಗಟ್ಟಿಯಾಗುತ್ತದೆ, ಇದೇ ಚೇಗು. ಬೀಟೆಯ ಚೇಗು ನೇರಳೆಗೂ ಕಂದಿಗೂ ನಡುವಣ ಬಣ್ಣದ್ದು. ಅದಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕುವದಿಲ್ಲ. ಬಿಳಿಭಾಗವಾದರೋ ಗಂಜಿಯಿಂದ ತುಂಬಿರುವದರಿಂದ ಹುಳುಗಳಿಗೆ ಬಡಿಸಿಟ್ಟ ಊಟದಂತಿದೆ. ಮರವನ್ನು ಕುಟ್ಟುವ ಸಣ್ಣ ಹುಳು ಅದರೊಳಗೆ ಹೊಕ್ಕು ಒಳಗಿಂದಲೇ ತಿನ್ನುತ್ತದೆ. ಮೇಲಿನ ಮೆರಗು ಹಾಗೆಯೇ ಹೊಳೆಯುತ್ತಿರುತ್ತದೆ. ಒಂದು ದಿನ ಕಪಾಟಿನ ಕೆಳಗೆ ಹಿಟ್ಟಿನಂಥಾ ಪುಡಿ ಬಿದ್ದಿರುವದನ್ನು ಮನೆಯವರು ನೋಡುವರು. ಆ ಹೊತ್ತಿಗೆ ಒಳಗೆ ಮರ ಉಳಿದಿರುವದಿಲ್ಲ. ಆದದರಿಂದ "ಅದೂ ಬೀಟೆಯೇ" ಎಂಬ ಮಾತು ಒಂದು ವಿಧದಲ್ಲಿ ನಿಜವಾದಾಗ್ಯೂ, ಕೊಳ್ಳುವವನು ಬೀಟೆ ಎಂಬ ಹೆಸರಿಗೆ ಯಾತಕ್ಕೋಸ್ಕರ ಹೆಚ್ಚು ಹಣ ಕೊಡುತ್ತಾನೋ ಆ ಗುಣವು ಅದರಲ್ಲಿಲ್ಲ.

ಈಗ ಮುಚ್ಚುವದರ ಪ್ರಶ್ನೆ. ಇಂಗ್ಲೆಂಡಿನ ಜಾನ್ ರಸ್ಕಿನ್ ಎಂಬ ಪಂಡಿತನು 1849ರಲ್ಲಿ ಕಟ್ಟಡಗಳ ವಿಷಯವಾಗಿ ಬರೆದ ಗ್ರಂಥದಲ್ಲಿ ಸತ್ಯವನ್ನು ಒಂದು ದೀಪಕ್ಕೆ ಹೋಲಿಸಿ, ಮರಕ್ಕೆ ಅಮೃತಶಿಲೆಯ ಬಣ್ಣ ಬಳಿಯುವಂಥಾ ಕೆಲಸಗಳನ್ನು ಖಂಡಿಸಿದನು. ಆದರೆ ಅವನೇ ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿದ್ದಾನೆ. ಕಟ್ಟಡದ ಮೇಲೆ ಚಿನ್ನದ ಮುಲಾಮು ಕೊಡುವದು ಮೋಸವಲ್ಲ, ಯಾಕಂದರೆ ಇಡೀ ಕಂಬವೇ ಚಿನ್ನವೆಂದು ಯಾರೂ ತಿಳಿಯುವದಿಲ್ಲ; ಒಡವೆಯ ಮೇಲೆ ಅದೇ ಮುಲಾಮು ಕೊಟ್ಟರೆ ಮೋಸ, ಯಾಕಂದರೆ ಒಡವೆಯನ್ನು ನೋಡಿದವನು ಚಿನ್ನವೆಂದೇ ತಿಳಿಯುತ್ತಾನೆ. ನೋಡಿರಿ, ಚಿನ್ನವು ಒಂದೇ, ಕೈಯೂ ಒಂದೇ, ಮುಚ್ಚುವದೂ ಒಂದೇ. ಆದರೂ ಒಂದು ಸತ್ಯ, ಒಂದು ಅಸತ್ಯ. ಹಾಗಾದರೆ ಸುಳ್ಳು ಇರುವದು ಬಣ್ಣದಲ್ಲಿ ಅಲ್ಲ, ನೋಡುವವನ ಮನಸ್ಸಿನಲ್ಲಿ ನಾವು ಬೇಕೆಂದು ಹುಟ್ಟಿಸುವ ತಿಳುವಳಿಕೆಯಲ್ಲಿ.

ಇದಕ್ಕೆ ಇನ್ನೊಂದು ದೃಷ್ಟಾಂತ. ಬೆಲೆಯುಳ್ಳ ಮರವನ್ನು ಹಾಳೆಯಂತೆ ತೆಳ್ಳಗೆ ಸೀಳಿ ಸಾಧಾರಣ ಮರದ ಮೇಲೆ ಅಂಟಿಸುವ ವಿದ್ಯೆಯು ಈಗಿನ ಕಾರ್ಖಾನೆಗಳವರು ಕಂಡುಹಿಡಿದದ್ದಲ್ಲ. ಐಗುಪ್ತ ದೇಶದವರು ಮೂರು ಸಾವಿರ ವರುಷಗಳಿಗಿಂತ ಹಿಂದೆಯೇ ಅದನ್ನು ಬಲ್ಲರು. 1922ರಲ್ಲಿ ತೆರೆದ ತೂತಂಖಾಮನ್ ಅರಸನ ಸಮಾಧಿಯಲ್ಲಿ ಹಾಗೆ ಕರೀಮರದ ಮತ್ತು ದಂತದ ತೆಳುಪಟ್ಟಿಗಳನ್ನು ಹಚ್ಚಿದ ಪೆಟ್ಟಿಗೆಗಳು ಸಿಕ್ಕಿದವು. ಆ ಅರಸನ ಬಡಗಿಗಳು ಮೋಸಗಾರರೋ? ಅಲ್ಲ, ಅರಸನಿಗೆ ಅದು ತಿಳಿದಿತ್ತು, ಕೆಲಸವೇ ಅಂಥಾದ್ದಾಗಿತ್ತು. ಈಗಲೂ ಅಂಗಡಿಯವನು "ಮೇಲಿನ ಹಾಳೆ ಮಾತ್ರ ತೇಗ, ಒಳಗೆ ಬೇರೆ" ಎಂದು ಹೇಳಿ ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಅದರಲ್ಲಿ ದೋಷವಿಲ್ಲ.

ಆದದರಿಂದ ನಮ್ಮ ಬಡಗಿಯ ಕುರ್ಚಿಗೂ ಕಪಾಟಿಗೂ ಇರುವ ಭೇದವು ಸ್ಪಷ್ಟವಾಗುತ್ತದೆ. ಕುರ್ಚಿಯ ಮೊಳೆಯ ತಲೆಯನ್ನು ಮುಚ್ಚಿದ್ದಾರೆಂದು ಎಲ್ಲರೂ ಬಲ್ಲರು. ಕಪಾಟಿನ ಬೆನ್ನಹಲಗೆಯು ಸಾಧಾರಣ ಮರದ್ದೆಂದು ಮಕ್ಕಳೂ ಬಲ್ಲರು. ಅದನ್ನು ಗೋಡೆಯಿಂದ ಎಳೆದು ತೋರಿಸಿದರೆ ಯಾರೂ ಸಿಟ್ಟಾಗುವದಿಲ್ಲ. ಆದರೆ ಮುಂದಿನ ಬಾಗಿಲ ಬಣ್ಣವನ್ನು ಕೆರೆದು ಒಳಗಿನ ಬಿಳುಪನ್ನು ತೋರಿಸಿದರೆ ಆ ಗೃಹಸ್ಥನು ಸುಮ್ಮಗಿರುವನೋ? ಬಡಗಿಯೂ ಅದನ್ನು ಬಲ್ಲನು. ಬಲ್ಲದೆ ಇದ್ದರೆ ಬಣ್ಣ ಬಳಿಯುವ ಅಗತ್ಯವೇ ಇರಲಿಲ್ಲ. ಬಣ್ಣವು ಅಲ್ಲಿ ಅಂದಕ್ಕಲ್ಲ, ಒಂದು ಪ್ರಶ್ನೆಯು ಹುಟ್ಟದಂತೆ ಮಾಡಲಿಕ್ಕೆ. ಕೇಳಬಾರದೆಂದು ಒಬ್ಬನ ಬಾಯಿಯನ್ನು ಮುಚ್ಚಿ, ಆಮೇಲೆ "ಅವನು ಕೇಳಲಿಲ್ಲ" ಅನ್ನುವದು ಹೇಗೆ ನ್ಯಾಯ?

ಇನ್ನೊಂದು ಸಂಗತಿಯು ಈ ತಪ್ಪನ್ನು ಭಾರವಾಗಿ ಮಾಡುತ್ತದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ತಕ್ಕಡಿಗೂ ಕಲ್ಲಿಗೂ ಅಳತೆಗೂ ನೇಮವುಂಟು. ತಕ್ಕಡಿಯ ಮೋಸವನ್ನು ಕೊಳ್ಳುವವನು ಮನೆಗೆ ಹೋಗಿ ಮತ್ತೆ ತೂಗಿ ಕಂಡುಹಿಡಿಯಬಹುದು. ತರಕಾರಿಯ ಮೋಸವು ಸಾಯಂಕಾಲಕ್ಕೆ ಒಲೆಯ ಮೇಲೆ ತಿಳಿಯುತ್ತದೆ. ಮರಗೆಲಸದ ಮೋಸವಾದರೋ ಐದು ವರುಷ, ಹತ್ತು ವರುಷ ಕಾದಿರುತ್ತದೆ. ಅಷ್ಟರಲ್ಲಿ ಬಡಗಿಯು ಊರು ಬಿಟ್ಟಿರಬಹುದು, ಸತ್ತಿರಲೂಬಹುದು. ನಷ್ಟವನ್ನು ಹೊರುವವರು ಬೆಲೆ ಮಾತಾಡಿದವರೂ ಅಲ್ಲ: ಬೆಲೆ ಮಾತಾಡಿದವನು ತಂದೆ, ಗಂಡನ ಮನೆಯಲ್ಲಿ ಹುಳ ತಿಂದ ಕಪಾಟಿನ ಮುಂದೆ ನಿಂತು ಅತ್ತೆಯ ಮಾತನ್ನು ಕೇಳಬೇಕಾದವಳು ಮಗಳು. ಅವಳು ಆ ಕೊಟ್ಟಿಗೆಯ ಒಳಗೆ ಒಂದು ಸಾರಿಯಾದರೂ ಕಾಲಿಟ್ಟವಳಲ್ಲ.

ಇಲ್ಲಿಯ ವರೆಗೆ ಅನೇಕರು ನನ್ನೊಡನೆ ಒಪ್ಪುವರು. ಮುಂದಿನ ಮಾತಿಗೆ ಕೆಲವರು ಒಪ್ಪಲಿಕ್ಕಿಲ್ಲ. ಕೈಕೆಲಸದ ವಿಷಯವಾಗಿ ಉಪದೇಶ ಮಾಡುವವರು, "ನಿಜವಾದ ಕೆಲಸಗಾರನು ಯಾರಿಗೂ ಕಾಣದ ಅಡಿಭಾಗವನ್ನು ಸಹ ಮೇಲ್ಭಾಗದಷ್ಟೇ ಅಂದವಾಗಿ ಮಾಡಬೇಕು" ಎಂದು ಹೇಳುವದುಂಟು. ಕೇಳಲಿಕ್ಕೆ ಇದು ಚೆನ್ನಾಗಿದೆ. ಆದರೆ ಮೇಜಿನ ಅಡಿಯನ್ನು ನುಣುಪು ಮಾಡಲಿಕ್ಕೆ ಒಂದು ದಿನ ಹಿಡಿದರೆ ಆ ದಿನದ ಕೂಲಿಯನ್ನು ಕೊಡುವವರು ಯಾರು? ಬಡವನಾದ ಕೊಳ್ಳುವವನೇ. ಹಳೆಯ ಕಾಲದ ಎಷ್ಟೋ ಪೀಠೋಪಕರಣಗಳನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಬಾಚಿಯ ಏಟೂ ಗರಗಸದ ಹಲ್ಲಿನ ಗೀರೂ ಹಾಗೆಯೇ ಇರುವವು. ಅವನ್ನು ಮಾಡಿದವರು ಸೋಮಾರಿಗಳಾಗಿರಲಿಲ್ಲ. ಒರಟಾದ ಅಡಿಭಾಗವು ತಾನು ಒರಟೆಂದೇ ಹೇಳುತ್ತದೆ, ಅದರಲ್ಲಿ ವೇಷವಿಲ್ಲ. ನನ್ನ ಅಭಿಪ್ರಾಯ ಇದು: ಕಾಣದ ಅಂದವು ಸಾಲವಲ್ಲ; ಕಾಣದ ಬಲವು ಸಾಲವೇ.

ಆದರೂ ಈ ನಿಯಮಕ್ಕೆ ಒಂದು ತಿದ್ದುಪಡಿ ಬೇಕು, ಅದು ನನಗೆ ತಡವಾಗಿ ಹೊಳೆಯಿತು. ಪಾಲೆಸ್ತೀನಿನಲ್ಲಿ ಹುಟ್ಟಿದ ಯುಸ್ತೀನನೆಂಬ ಸಾಕ್ಷಿಯು ಎರಡನೆಯ ಶತಮಾನದಲ್ಲಿ ನಜರೇತಿನ ಬಡಗಿಯ ವಿಷಯವಾಗಿ ಬರೆಯುತ್ತಾ, ಆತನು ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದನೆಂದು ತಿಳಿಸಿದ್ದಾನೆ. ನೊಗವನ್ನು ಕುರಿತು ನಾವು ಗದ್ದೆಯವರು ಯೋಚಿಸೋಣ. ನೊಗದ ಮೇಲ್ಮೈ ಎಲ್ಲರಿಗೂ ಕಾಣುತ್ತದೆ; ಅದು ಒರಟಾಗಿದ್ದರೂ ನಡೆದೀತು. ಕೆಳಮೈ ಯಾರಿಗೂ ಕಾಣುವದಿಲ್ಲ, ಆದರೆ ಎತ್ತಿನ ಹೆಗಲು ಅಲ್ಲಿದೆ. ಅಲ್ಲಿ ಒಂದು ಸಿಬರು ಉಳಿದರೆ ಹುಣ್ಣಾಗುತ್ತದೆ, ಎತ್ತಿಗೆ ಬಾಯಿಲ್ಲ. ಹೀಗಿರಲಾಗಿ ಕಾಣದ ನುಣುಪು ಸಹ ಕೆಲವು ಕಡೆ ಸಾಲವೇ. ತೊಟ್ಟಿಲಿನ ಒಳಮೈ, ಶಾಲೆಯ ಬೆಂಚಿನ ಅಡಿಯಂಚು, ಮುದುಕರು ಹಿಡಿದುಕೊಂಡು ಏಳುವ ಮಂಚದ ಕಾಲು ಇವೆಲ್ಲಾ ನೊಗದ ಕೆಳಮೈಯೇ.

ಬಲವೆಂದರೆ ಏನೆಂಬದನ್ನೂ ಸ್ವಲ್ಪ ಹೇಳಬೇಕು, ಯಾಕಂದರೆ ನಮ್ಮ ಕೊಡಗಿನಲ್ಲಿ ಅದರ ಪರೀಕ್ಷೆಯು ಬೇರೆ ಸೀಮೆಗಳಿಗಿಂತ ಕಠಿಣವಾದದ್ದು. ಮಡಿಕೇರಿಯಲ್ಲಿ ವರುಷಕ್ಕೆ 3,000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮಾರ್ಚಿಯಲ್ಲಿ ಒಣಗಿ ಬಿರಿಯುವ ಹಲಗೆಯು ಜುಲೈಯಲ್ಲಿ ನೀರನ್ನು ಹೀರಿ ಉಬ್ಬುತ್ತದೆ. ಮರವು ಎಳೆಯ ಉದ್ದಕ್ಕೆ ಹಿಗ್ಗುವದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಚೆನ್ನಾಗಿ ಹಿಗ್ಗಿ ಕುಗ್ಗುತ್ತದೆ. ಹಸಿಯಿಂದ ಪೂರಾ ಒಣಗುವಷ್ಟರಲ್ಲಿ ಅನೇಕ ಮರಗಳು ಅಡ್ಡಕ್ಕೆ ನೂರಕ್ಕೆ 5ರಿಂದ 10 ಪಾಲು ಕುಗ್ಗುತ್ತವೆ. ಇದನ್ನು ಬಲ್ಲ ಬಡಗಿಯು ಕಪಾಟಿನ ಬಾಗಿಲನ್ನು ಒಂದೇ ಅಗಲವಾದ ಹಲಗೆಯಿಂದ ಮಾಡದೆ, ಸುತ್ತಲೂ ಚೌಕಟ್ಟು ಕಟ್ಟಿ, ಅದರ ಒಳಗಿನ ಗೀರಿನಲ್ಲಿ ತೆಳ್ಳಗಿನ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ನಿಲ್ಲಿಸುತ್ತಾನೆ. ಮಳೆಗಾಲದಲ್ಲಿ ಹಲಗೆಯು ಗೀರಿನೊಳಗೆ ಹಿಗ್ಗುವದು, ಬೇಸಿಗೆಯಲ್ಲಿ ಕುಗ್ಗುವದು, ಚೌಕಟ್ಟು ಅಲುಗದು. ಅಂಟು ಹಾಕಿ ಬಿಗಿದರೆ ಕೆಲಸವು ಬೇಗ ಮುಗಿಯುವದು, ನೋಡಲಿಕ್ಕೆ ಒಂದೇ ತರ ಇರುವದು. ಮೊದಲನೆಯ ಬೇಸಿಗೆಯಲ್ಲೇ ಸೀಳುವದು. ಹಾಗೆಯೇ ಚೌಕಟ್ಟಿನ ಮೂಲೆಯಲ್ಲಿ ಒಂದು ಮರಕ್ಕೆ ತೂತು ಕೊರೆದು ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ ಕೂಡಿಸಬೇಕು. ಆ ನಾಲಗೆಯು ಉದ್ದವಾಗಿದೆಯೋ ಗಿಡ್ಡವಾಗಿದೆಯೋ ಎಂಬದು ಕೂಡಿಸಿದ ಮೇಲೆ ಮಾಡಿದವನ ಹೊರತು ಯಾರಿಗೂ ತಿಳಿಯದು. ಹಲಗೆಯನ್ನು ನೆರಳಿನಲ್ಲಿ ಪೇರಿಸಿ ಒಣಗಿಸುವದಕ್ಕೂ ಹಾಗೆಯೇ: ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರುಷವೆಂದು ಹಳಬರು ಲೆಕ್ಕ ಹಿಡಿಯುತ್ತಾರೆ. ಆರು ತಿಂಗಳಿಗೇ ಕೆಲಸಕ್ಕೆ ತೆಗೆದರೆ ಹೊರಗೆ ತೋರುವದಿಲ್ಲ.

ಹಳೆಯ ಕೆಲಸಗಳನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರನು ಕಕ್ಕಬೆಯ ಹತ್ತಿರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಮರದ ಕಂಬಗಳು ಇನ್ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡಿವೆ. ಕೊಡವರ ಐನ್‌ಮನೆಗಳಲ್ಲಿ ಕೈಯಾಲೆಯ ಕಂಬಗಳ ನಡುವೆ ಕುಳಿತುಕೊಳ್ಳಲಿಕ್ಕೆ ಹಾಕಿದ ಐಮರವೆಂಬ ದಪ್ಪ ಹಲಗೆಯ ಮೇಲೆ ಎಷ್ಟು ತಲೆಮಾರುಗಳು ಕುಳಿತು ಎದ್ದವೋ! ಅದರ ಮೇಲ್ಮೈ ಜನರ ಬಟ್ಟೆಯಿಂದಲೇ ಕನ್ನಡಿಯಂತಾಗಿದೆ. ಈ ನಾಡಿನಲ್ಲಿ ಮರಗೆಲಸವೂ ಕಬ್ಬಿಣದ ಕೆಲಸವೂ ಬಹುಕಾಲ ಐರಿ ಜನರ ಕೈಯಲ್ಲಿದ್ದವು. ಹಳ್ಳಿಗಳಲ್ಲಿ ಕೆಲಸದವನಿಗೆ ಸುಗ್ಗಿಯ ಹೊತ್ತಿಗೆ ಭತ್ತವು ಸಲ್ಲುತ್ತಿದ್ದ ಕಾಲದಲ್ಲಿ, ನೇಗಿಲು ಮುರಿದರೆ ಅದೇ ಭತ್ತಕ್ಕೆ ಅವನೇ ಮತ್ತೆ ಮಾಡಿಕೊಡಬೇಕಾಗಿತ್ತು. ತನ್ನ ಕೆಲಸದ ಹುಳುಕು ತನ್ನ ಅಂಗಳಕ್ಕೇ ತಿರುಗಿ ಬರುತ್ತಿತ್ತು. ಹಿಂದಿನವರು ನಮಗಿಂತ ಪ್ರಾಮಾಣಿಕರಾಗಿದ್ದರೆಂದು ಹೊಗಳುವವರು ಇದನ್ನು ನೆನಸಬೇಕು. ಅವರಿಗೆ ಮೋಸವು ಅಷ್ಟು ಲಾಭಕರವಾಗಿರಲಿಲ್ಲ.

ನಮ್ಮ ಮನೆಗಳ ಮೇಲಿರುವ ಮಂಗಳೂರು ಹಂಚಿನಲ್ಲಿ ನನಗೆ ಇದಕ್ಕೆ ಹೊಂದುವ ಒಂದು ಗುರುತು ಕಾಣುತ್ತದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟ್ ಎಂಬವರು ಬಾಸೆಲ್ ಮಿಶನಿನ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಲ್ಲಿಯ ಹಂಚುಗಳಲ್ಲಿ ಮಿಶನಿನ ಹೆಸರನ್ನೂ ಎಷ್ಟೋ ಹಂಚುಗಳಲ್ಲಿ ಆ ವರುಷದ ಅಂಕೆಯನ್ನೂ ಒತ್ತಿರುವದನ್ನು ಹಳೆಯ ಮಾಡುಗಳನ್ನು ಬಿಚ್ಚುವಾಗ ಈಗಲೂ ನೋಡಬಹುದು. ಮಾಡಿನ ಮೇಲೆ ಹತ್ತಿ ಹೆಸರನ್ನು ಓದುವವರು ಯಾರು? ಆದರೆ ಹಂಚು ಸೋರಿದ ದಿನ ಯಾರನ್ನು ಕೇಳಬೇಕೆಂಬದು ಅದರಲ್ಲಿ ಬರೆದಿತ್ತು. ನಮ್ಮ ಬಡಗಿಯ ಕಪಾಟಿನ ಮೇಲೆ ಹೆಸರಿಲ್ಲ. ಅವನು ಬಿಳಿಭಾಗಕ್ಕೆ ಬಣ್ಣ ಬಳಿದ ಕಪಾಟಿನ ಮೇಲೆ ತನ್ನ ಹೆಸರನ್ನು ಕೆತ್ತುವನೋ ಎಂದು ನಾನು ಆಮೇಲೆ ಅವನನ್ನೇ ಕೇಳಿದೆನು. ಅವನು ಸುಮ್ಮಗಿದ್ದನು.

ಈಗ ತಪ್ಪನ್ನೆಲ್ಲಾ ಬಡಗಿಯ ತಲೆಗೇ ಹೊರಿಸಿ ಕೈ ತೊಳೆದುಕೊಳ್ಳುವದು ಸುಲಭ. ಕೊಳ್ಳುವವನ ಸಂಗತಿಯನ್ನೂ ನೋಡೋಣ. ಒಂದು ಕಪಾಟಿಗೆ ಹತ್ತು ದಿನದ ಕೆಲಸವಿದೆಯೆಂದು ಇಟ್ಟುಕೊಳ್ಳೋಣ. ಕೊಳ್ಳುವವನು ಜಗ್ಗಾಡಿ ಆರು ದಿನದ ಕೂಲಿಗೆ ಒಪ್ಪಿಸಿದರೆ ಉಳಿದ ನಾಲ್ಕು ದಿನಗಳು ಎಲ್ಲಿಂದ ಬರಬೇಕು? ಬಡಗಿಯ ಮಕ್ಕಳ ಅನ್ನದಿಂದ ಬರಬೇಕು, ಇಲ್ಲವೇ ಮರದ ಒಳಗಿಂದ ಬರಬೇಕು. ನಾಲಗೆಯು ಗಿಡ್ಡವಾಗುವದು, ಹಲಗೆಯು ಹಸಿಯಾಗಿರುವದು, ಬಿಳಿಭಾಗವು ಕಪ್ಪಾಗುವದು. ಬೀಟೆಯ ಹೆಸರೂ ಬೇಕು, ಸಿಲ್ವರ್ ಓಕಿನ ಬೆಲೆಯೂ ಬೇಕು ಅನ್ನುವವನು ಸುಳ್ಳನ್ನೇ ಬೆಲೆ ಕೊಟ್ಟು ಕೊಳ್ಳುತ್ತಿದ್ದಾನೆ; ಆಮೇಲೆ ತನಗೆ ಮೋಸವಾಯಿತೆಂದು ಊರೆಲ್ಲಾ ಹೇಳುತ್ತಾನೆ. ಗರಗಸದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯ ಸಾಮಾನು ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂದು ತೋರಿಸಿ ಬಡಗಿಯನ್ನು ಹೆದರಿಸುವದೂ ಉಂಟು. ಆ ಹಲಗೆಗೆ ನಮ್ಮ ಮಳೆಗಾಲದ ನೀರು ಸೋಕಿದರೆ ದೋಸೆಯಂತೆ ಉಬ್ಬುವದೆಂಬದನ್ನು ಹೆದರಿಸುವವನು ಹೇಳುವದಿಲ್ಲ. ಅಂದ ಹಾಗೆ, ನಾನು ನನ್ನ ಮೇಜಿನ ಬೆಲೆಯನ್ನು ಆ ದಿನ ಎಷ್ಟು ಇಳಿಸಿದ್ದೆನೆಂದು ಇಲ್ಲಿ ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಬಡಗಿಯು ತನ್ನ ಪ್ರಶ್ನೆಯನ್ನು ನನ್ನ ಬೆಲೆಯ ಮಾತು ಮುಗಿದ ಮೇಲೆಯೇ ಯಾಕೆ ಕೇಳಿದನೋ ಎಂಬದು ಮನೆಗೆ ನಡೆದು ಬರುವಾಗ ದಾರಿಯಲ್ಲಿ ನನಗೆ ತಿಳಿಯಿತು.

ಸುಮ್ಮಗಿರುವದರಲ್ಲಿ ಇನ್ನೊಂದು ವಿಧವುಂಟು, ಅದು ಇನ್ನೂ ಅಪಾಯಕರ: ನಾವು ಹೇಳದಿರುವದಲ್ಲ, ಕೇಳದಿರುವದು. ಕೊಡಗಿನಲ್ಲಿ ಮರದ ಹಕ್ಕಿನ ಸಂಗತಿಯು ಹಿಂದಿನಿಂದಲೂ ಗೋಜಲಾದದ್ದು. ಮರದ ಬೆಲೆಯನ್ನು ಸರಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಭೂಮಿ, ಬಿಡಿಸಿಕೊಳ್ಳದ ಭೂಮಿ ಎಂಬ ಭೇದವು ಬಹುಕಾಲದಿಂದ ನಡೆದು ಬಂದಿದೆ; ಬಿಡಿಸಿಕೊಳ್ಳದ ಭೂಮಿಯಲ್ಲಿ ನೆಲದವನು ಬೆಳೆಸಿ ಕಾಪಾಡಿದ ಬೀಟೆಯೂ ಅವನದಲ್ಲ. ಮರ ಕಡಿಯಲಿಕ್ಕೆ ಅಪ್ಪಣೆ, ದಿಮ್ಮಿಯ ಮೇಲೆ ಅರಣ್ಯ ಇಲಾಖೆಯ ಸುತ್ತಿಗೆಯ ಮುದ್ರೆ, ಸಾಗಿಸಲಿಕ್ಕೆ ರಹದಾರಿ ಇಷ್ಟೂ ಬೇಕು. 1996ನೇ ದಶಂಬರ 12ರಂದು ದೇಶದ ಸರ್ವೋಚ್ಚ ನ್ಯಾಯಾಲಯವು ಕೇಂದ್ರ ಸರಕಾರದ ಅಪ್ಪಣೆಯಿಲ್ಲದೆ ಅರಣ್ಯಗಳೊಳಗೆ ನಡೆಯುವ ಗರಗಸದ ಗಿರಣಿ ಮೊದಲಾದವುಗಳನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿತು. 2017ನೇ ಜನವರಿ 2ರಿಂದ ಬೀಟೆಯೂ ಅದರ ಜಾತಿಯ ಮರಗಳೂ ದೇಶದೇಶಗಳ ನಡುವಣ ವ್ಯಾಪಾರವನ್ನು ಅಂಕೆಯಲ್ಲಿಡುವ ಒಪ್ಪಂದದ ಪಟ್ಟಿಗೆ ಸೇರಿದವು, ಯಾಕಂದರೆ ನಿಧಾನವಾಗಿ ಬೆಳೆಯುವ ಈ ಮರವು ಕಾಡಿನಲ್ಲಿ ಕಡಿಮೆಯಾಗುತ್ತಾ ಬಂದಿದೆ.

ಹೀಗಿರುವಾಗ ಕತ್ತಲಾದ ಮೇಲೆ ಒಬ್ಬನು ನಾಲ್ಕು ಬೀಟೆಯ ಹಲಗೆಗಳನ್ನು ತಂದು ಕೊಟ್ಟಿಗೆಯ ಹಿಂದೆ ಇಳಿಸಿ, ಪೇಟೆಯ ಅರ್ಧ ಬೆಲೆ ಹೇಳುತ್ತಾನೆ. ಮುದ್ರೆಯಿದ್ದದ್ದು ದಿಮ್ಮಿಯ ಮೇಲೆ; ಹಲಗೆಯಾಗಿ ಸೀಳಿದ ಮೇಲೆ ಮುದ್ರೆಯಿದ್ದ ಮರವೂ ಇಲ್ಲದ ಮರವೂ ಒಂದೇ ತರ. "ಎಲ್ಲಿಯದು ಎಂದು ನಾನು ಕೇಳಲಿಲ್ಲ, ಆದದರಿಂದ ನನಗೆ ತಿಳಿಯದು, ತಿಳಿಯದ್ದಕ್ಕೆ ನಾನು ಹೊಣೆಯಲ್ಲ" ಎಂಬದು ಇಲ್ಲಿಯ ತರ್ಕ. ಈ ತರ್ಕದ ಹುಳುಕು ಎಲ್ಲಿದೆಯೆಂದರೆ, ಅವನು ಕೇಳದೆ ಇದ್ದದ್ದು ಉತ್ತರವು ತಿಳಿಯದೆ ಅಲ್ಲ, ತಿಳಿದೇ. ಹಗಲಿನಲ್ಲಿ ರಸೀದಿಯೊಡನೆ ಬಂದ ಹಲಗೆಯ ಮೂಲವನ್ನು ಯಾವ ಬಡಗಿಯೂ ಕೇಳಲು ಹೆದರುವದಿಲ್ಲ. ಯಾವ ಪ್ರಶ್ನೆಯನ್ನು ಕೇಳಲು ನಾಲಗೆ ಹೆದರುತ್ತದೋ ಆ ಪ್ರಶ್ನೆಯ ಉತ್ತರವು ಒಳಗೆ ಆಗಲೇ ಕುಳಿತಿದೆ. ಕಪಾಟಿನ ಬಣ್ಣದಲ್ಲಿ ಅವನು ಗೃಹಸ್ಥನಿಂದ ಒಂದು ಪ್ರಶ್ನೆಯನ್ನು ಮುಚ್ಚಿಟ್ಟರೆ ಇಲ್ಲಿ ತನ್ನಿಂದಲೇ ಮುಚ್ಚಿಡುತ್ತಾನೆ.

ಬಡಗಿಯ ಕಷ್ಟವನ್ನು ನಾನು ಬಲ್ಲೆನು. ಸರಕಾರದ ಮರದ ಕೋಠಿಗಳಲ್ಲಿ ದಿಮ್ಮಿಗಳನ್ನು ರಾಶಿರಾಶಿಯಾಗಿ ಹರಾಜು ಹಾಕುತ್ತಾರೆ. ಒಂದು ರಾಶಿಯ ಬೆಲೆಯು ಮೂವರ ಕೊಟ್ಟಿಗೆಯವನ ಕೈಗೆ ಎಟಕುವದಿಲ್ಲ, ದೊಡ್ಡ ವ್ಯಾಪಾರಿಗೇ ಹೋಗುತ್ತದೆ. ತಾನು ಕಾಪಾಡಿದ ಮರ ತನ್ನದಲ್ಲವೆಂಬ ನೆಲದವನ ದೂರಿನಲ್ಲಿಯೂ ಸತ್ಯವುಂಟು. ಆದರೆ ಕತ್ತಲಲ್ಲಿ ಬಂದ ಹಲಗೆಯು ಅರ್ಧ ಬೆಲೆಗೆ ಬಂದದ್ದು ಆ ದೂರನ್ನು ತೀರಿಸಲಿಕ್ಕಲ್ಲ. ಬೀಟೆಯ ಹೊರತು ನಮ್ಮಲ್ಲಿ ಮರವೇ ಇಲ್ಲವೋ? ಹಿತ್ತಲಿನ ಹಲಸು ಮೊದಲು ಹಳದಿಯಾಗಿದ್ದು ವರುಷಗಳು ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದರ ಚೇಗು ಗೆದ್ದಲಿಗೆ ಸುಲಭವಾಗಿ ಸೋಲುವದಿಲ್ಲ. ತೋಟದಲ್ಲಿ ಕಿತ್ತ ಹಳೇ ಕಾಫಿಗಿಡದ ಬುಡವನ್ನು ತೊಗಟೆ ಸುಲಿದು ಮೇಜಿನ ಕಾಲಾಗಿ ಮಾಡಿ ಮಾರುವವರೂ ಈಗ ಕೊಡಗಿನಲ್ಲಿ ಇದ್ದಾರೆ.

ನಾನು ಎರಡನೆಯ ಸಾರಿ ಕೊಟ್ಟಿಗೆಗೆ ಹೋದಾಗ ಇಷ್ಟೆಲ್ಲವನ್ನೂ ಹೇಳಲಿಲ್ಲ. ರಸ್ಕಿನನ ಚಿನ್ನದ ಮಾತನ್ನು ಮಾತ್ರ ಹೇಳಿ, ಹೆಸರು ಕೆತ್ತುವ ಪ್ರಶ್ನೆಯನ್ನು ಕೇಳಿ ಬಂದೆನು. ಆಮೇಲಿನ ಸಂಗತಿಯು ಅವನಿಂದಲೇ ತಿಳಿದದ್ದು. ಅವನು ಒಂದು ಭಾನುವಾರ ಸಾಯಂಕಾಲ ಆ ಗೃಹಸ್ಥನ ಮನೆಗೆ ಹಲಗೆಯ ಒಂದು ತುಂಡನ್ನು ತಕ್ಕೊಂಡು ಹೋಗಿ, ಬಿಳಿಭಾಗವನ್ನು ತೋರಿಸಿ, "ಇದನ್ನು ತೆಗೆದು ಮಾಡಿದರೆ ಕಪಾಟು ಒಂದು ಅಡಿ ಗಿಡ್ಡವಾಗುತ್ತದೆ, ಅಥವಾ ಇದೇ ಬೆಲೆಗೆ ಹಲಸಿನಲ್ಲಿ ದೊಡ್ಡದಾಗಿ ಮಾಡಿಕೊಡುತ್ತೇನೆ" ಅಂದನು. ಗೃಹಸ್ಥನು ಎರಡಕ್ಕೂ ಒಪ್ಪಲಿಲ್ಲ. ಗಂಡಿನ ಕಡೆಯವರಿಗೆ ಬೀಟೆಯೆಂದು ಹೇಳಿ ಆಗಿದೆ, ಅಳತೆಯನ್ನೂ ಹೇ��ಿ ಆಗಿದೆ ಎಂದು ಕೋಪಿಸಿಕೊಂಡು ಮುಂಗಡವನ್ನು ತಿರುಗಿ ಕೇಳಿ, ಪೇಟೆಯ ಒಂದು ಅಂಗಡಿಯಿಂದ ಹೊಳೆಯುವ ಕಪಾಟೊಂದನ್ನು ತರಿಸಿದನು. ಅದರ ಒಳಗೆ ಏನಿದೆಯೋ ಎಂದು ಅಲ್ಲಿ ಅವನು ಕೇಳಿದ ಹಾಗೆ ಕಾಣುವದಿಲ್ಲ. ಬಡಗಿಯು ಮುಂಗಡವನ್ನು ಕೊಡಲಿಕ್ಕೆ ಸಾಲ ಮಾಡಬೇಕಾಯಿತು. ಬಿಳಿಭಾಗವನ್ನು ಸೀಳಿ ಒಲೆಗೆ ಹಾಕಿದನು. ಚೇಗಿನ ಹಲಗೆಗಳು ಕೊಟ್ಟಿಗೆಯ ಅಟ್ಟದ ಮೇಲೆ ಇವೆ, ಕೊಳ್ಳುವವರು ಇನ್ನೂ ಬಂದಿಲ್ಲ. ಅವನ ಹೆಂಡತಿಯು ನನ್ನನ್ನು ಕಂಡರೆ ಮೊದಲಿನಷ್ಟು ಮಾತಾಡುವದಿಲ್ಲ, ಅವಳನ್ನು ತಪ್ಪೆಂದು ಹೇಳಲಾರೆನು.

ನನ್ನ ಮೇಜು ಮಳೆಗಾಲ ಮುಗಿದ ಮೇಲೆ ಬಂತು. ಹಲಸಿನದು. ಅವನೂ ಅಣ್ಣನ ಮಗನೂ ಅದನ್ನು ಜಗಲಿಯ ಮೇಲೆ ಇಳಿಸಿ, ನಾನು ಹಣ ಕೊಡುವ ಮೊದಲೇ ತಲೆಕೆಳಗಾಗಿ ತಿರುಗಿಸಿದರು. ಅಡಿಭಾಗವೆಲ್ಲಾ ಒರಟಾಗಿತ್ತು, ಗರಗಸದ ಗೀರುಗಳು ಹಾಗೆಯೇ ಇದ್ದವು. ಒಂದು ಕಾಲಿನ ಒಳಬದಿಯಲ್ಲಿ ಗಂಟು ಉದುರಿದ ಕಡೆ ಬೇರೊಂದು ತುಂಡನ್ನು ಹಾಕಿ ಕೂಡಿಸಿದ್ದನು, ಅದಕ್ಕೆ ಬಣ್ಣ ಬಳಿದಿರಲಿಲ್ಲ. ಸಂದುಗಳು ಬಿಗಿಯಾಗಿದ್ದವು, ಚೌಕಟ್ಟಿನ ನಾಲಗೆಗಳು ಕಾಲಿನ ಆಚೆಯ ಮೈಗೆ ಹೊರಬಿದ್ದು ಕಾಣುವಷ್ಟು ಉದ್ದವಾಗಿದ್ದವು. ಮೇಜಿನ ಅಂಚಿಗೆ, ಮೊಣಕಾಲು ತಗಲುವ ಕಡೆ ಮಾತ್ರ, ಉಪ್ಪುಕಾಗದದಿಂದ ಉಜ್ಜಿದ್ದನು. ಅವನು ಒರಟಾದ ಹಲಗೆಯ ಮೇಲೆ ಅಂಗೈಯನ್ನು ಆಡಿಸಿ, "ಮಾಸ್ತರರೇ, ತಾವು ಬೆಲೆಯಲ್ಲಿ ಇಳಿಸಿದ್ದು ಇಲ್ಲಿದೆ, ನೋಡಿಕೊಳ್ಳಿರಿ" ಅಂದನು.